ಕಪ್ಪಾದ ಟೈಟೇನಿಯಂ

ಮುರಿದ ಕಾಲಿಗೆ ರಾಡ್ ಹಾಕಿಸಿಕೊಂಡವರು ಕೊಳಗಲ್ಲಿನಿಂದ ಸಿರುಗುಪ್ಪದವರೆಗೆ ಯಾವ ಊರಲ್ಲಾದರೂ ಸಿಗುತ್ತಾರೆ. ಬಹುಪಾಲು ಮಂದಿಗೆ ಮೂಳೆ ಕೂಡಿ ನಡಿಗೆ ಮರಳುತ್ತದೆ. ಕೆಲವರಲ್ಲಿ ಮಾತ್ರ ಬ್ಯಾಕ್ಟೀರಿಯಾ ಲೋಹಕ್ಕೆ ಅಂಟಿ, ಸುತ್ತ ಲೋಳೆಯ ಪರದೆ ಕಟ್ಟಿಕೊಳ್ಳುತ್ತದೆ. ಅದರೊಳಗೆ ಆಂಟಿಬಯಾಟಿಕ್‌ನ ಆಟ ಸಾಗದು. ಎಷ್ಟೋ ಸಲ ರಾಡನ್ನೇ ತೆಗೆಯಬೇಕಾಗುತ್ತದೆ. ಲೋಹಕ್ಕೆ ಬೆಳ್ಳಿ ಅಥವಾ ಔಷಧಿ ಲೇಪಿಸುವುದು ಒಂದು ಉಪಾಯ. ಆದರೆ ಲೇಪದ ಔಷಧಿ ಎಂದಾದರೂ ಮುಗಿಯುತ್ತದೆ.

ಮುಗಿಯದ ಉಪಾಯವೊಂದು ಜೀರುಂಡೆಯ ರೆಕ್ಕೆಯಲ್ಲಿತ್ತು. ಸಿಕಾಡ ಜೀರುಂಡೆಯ ರೆಕ್ಕೆಗೆ ನೀರು ಅಂಟುವುದಿಲ್ಲ. ಬ್ಯಾಕ್ಟೀರಿಯಾವೂ ಅಂಟದೆಂಬುದು ಸಹಜ ಊಹೆ. ಮೆಲ್ಬರ್ನಿನ ಸ್ವಿನ್‌ಬರ್ನ್ ವಿಶ್ವವಿದ್ಯಾಲಯದ ಎಲೆನಾ ಇವನೋವಾ, ರಸೆಲ್ ಕ್ರಾಫರ್ಡ್ ತಂಡ ಪರೀಕ್ಷಿಸಿದಾಗ ಊಹೆ ತಲೆಕೆಳಗಾಯಿತು. ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಅಂಟಿದವು, ಅಂಟಿದವು ಕೆಲವೇ ನಿಮಿಷಗಳಲ್ಲಿ ಸತ್ತವು. ರೆಕ್ಕೆಯಲ್ಲೇನಾದರೂ ವಿಷವಿದೆಯೇ? 10 ನ್ಯಾನೊಮೀಟರ್ ಚಿನ್ನದ ಪದರ ಹೊದಿಸಿ ನೋಡಿದರು. ಆಗಲೂ ಸತ್ತವು. ಅಂದಮೇಲೆ ಕೊಲ್ಲುತ್ತಿದ್ದುದು ರಾಸಾಯನಿಕವಲ್ಲ, ರೆಕ್ಕೆಯ ಮೇಲಿನ ಸುಮಾರು 200 ನ್ಯಾನೊಮೀಟರ್ ಎತ್ತರದ ಕಂಬಗಳ ಸಾಲು. ಜಾಲಿ ಮುಳ್ಳಿನ ಮೇಲೆ ಹರವಿದ ತೆಳುಬಟ್ಟೆಯಂತೆ ಬ್ಯಾಕ್ಟೀರಿಯಾದ ಪೊರೆ ಕಂಬಗಳ ನಡುವೆ ಜಗ್ಗಿ ಹರಿಯುತ್ತಿತ್ತು. ಇದು 2012ರ ಮಾತು. ಮರುವರ್ಷ ಏರೋಪ್ಲೇನ್ ಚಿಟ್ಟೆಯ ರೆಕ್ಕೆಯಲ್ಲೂ, ಮೊನೆಗಳೆದ್ದ ಕಪ್ಪು ಸಿಲಿಕಾನಿನಲ್ಲೂ ಇದೇ ಗುಣ ಕಂಡಿತು.

ಆ ತಂಡದಲ್ಲಿದ್ದ ಜಾಫರ್ ಹಸನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಅವರ ಜೊತೆಗೂಡಿದರು. ಮೂಳೆಗೆ ಒಗ್ಗುವ ಲೋಹ ಟೈಟೇನಿಯಂ. ಅದನ್ನು ಕ್ಲೋರಿನ್ ಆಧಾರಿತ ಪ್ಲಾಸ್ಮಾದಲ್ಲಿ ಕೊರೆದಾಗ ಸುಮಾರು 1 ಮೈಕ್ರೊಮೀಟರ್ ಎತ್ತರದ ಮೊನೆಗಳೆದ್ದು, ಥಳಥಳಿಸುತ್ತಿದ್ದ ಮೈ ಕಪ್ಪಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂಟಿದ ಇ. ಕೋಲಿಯಲ್ಲಿ ಸುಮಾರು ಶೇ 95, ಸ್ಯೂಡೋಮೊನಾಸ್‌ನಲ್ಲಿ ಶೇ 98ರಷ್ಟು 4 ಗಂಟೆಗಳಲ್ಲಿ ಸತ್ತಿದ್ದವು. ಅದೇ ಮೊನೆಗಳ ಮೇಲೆ ಮನುಷ್ಯರ ಆಕರಕೋಶಗಳು ಬೆಳೆದು, ಮೂಳೆಯ ಕೋಶಗಳಾಗುವತ್ತ ಹೊರಳಿದವು.

ಬಗ್ಗದೆ ನಿಂತದ್ದು ಸ್ಟೆಫಿಲೊಕಾಕಸ್ ಆರಿಯಸ್. ಇಂಪ್ಲಾಂಟ್ ಸೋಂಕಿಗೆ ಪದೇ ಪದೇ ಕಾರಣವಾಗುವುದೂ ಅದೇ. ಅದರ ಗೋಡೆ ದಪ್ಪ: 4 ಗಂಟೆಗಳಲ್ಲಿ ಸತ್ತದ್ದು ಸುಮಾರು ಶೇ 22, 24 ಗಂಟೆ ಬಿಟ್ಟಾಗ ಶೇ 76. ಇವೆಲ್ಲ ಪ್ರಯೋಗಾಲಯದ ಲೆಕ್ಕ. ಮೈಯೊಳಗೆ ರಕ್ತದ ಪ್ರೋಟೀನುಗಳು ಮೊನೆಗಳನ್ನು ಮುಚ್ಚಬಹುದು, ಸತ್ತ ಬ್ಯಾಕ್ಟೀರಿಯಾಗಳೇ ಮುಂದೆ ಬರುವವಕ್ಕೆ ಹಾಸಿಗೆಯಾಗಬಹುದು. ಈ ಎರಡನ್ನೂ ಗೆದ್ದ ಮೇಲಷ್ಟೇ ಕಪ್ಪು ಟೈಟೇನಿಯಂ ಆಪರೇಷನ್ ಥಿಯೇಟರಿನ ಹೊಸ್ತಿಲು ದಾಟಬೇಕು.