ಕೆಂಡದ ಬಳಿಯ ಸಿಹಿತಿಂಡಿ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಗೈಡ್ ದಳಕ್ಕೆ ಸೇರಿದ್ದವರು ಶಿಬಿರಾಗ್ನಿಯ ಸುತ್ತ ಹಾಡಿದ ರಾತ್ರಿಗಳನ್ನು ಮರೆತಿರಲಾರರು. ಅಮೆರಿಕಾ ದೇಶದ ಬಾಲಿಕೆಯರು ಅಂತಹ ಬೆಂಕಿಯ ಬಳಿಯಲ್ಲಿ ಮಾಡಿ ತಿನ್ನುವ ‘ಸ್ಮೋರ್’ ಎಂಬ ತಿಂಡಿಯ ವಿಚಾರವನ್ನು ಇಲ್ಲಿ ಅರಿಕೆಮಾಡುವೆವು. ‘ಇನ್ನಷ್ಟು’ ಎಂಬರ್ಥದ ‘ಸಮ್ ಮೋರ್’ ಎಂಬ ಮಾತೇ ಸವೆದು ಹೀಗಾಗಿರುವುದು.

ಜೂಲಿಯೆಟ್ ಗಾರ್ಡನ್ ಲೋ ಎಂಬ ಮಹಿಳೆಯು 1912ರಲ್ಲಿ ಸವಾನಾ ಪಟ್ಟಣದಲ್ಲಿ ಆರಂಭಿಸಿದ ಗರ್ಲ್ ಸ್ಕೌಟ್ ಸಂಸ್ಥೆಯವರು 1927ರ ತಮ್ಮ ಪುಸ್ತಕವೊಂದರಲ್ಲಿ ಇದರ ಕ್ರಮವನ್ನು ಅಚ್ಚುಹಾಕಿಸಿದರು. ಎಂಟು ಮಂದಿಗೆ 16 ಗ್ರಹಾಮ್ ಬಿಸ್ಕತ್ತು, 16 ಮಾರ್ಷ್‌ಮ್ಯಾಲೋ, ಎರಡಾಗಿ ಮುರಿದ 8 ಚಾಕೊಲೇಟು ಪಟ್ಟಿ ಎಂಬುದು ಅದರ ಲೆಕ್ಕ. ಈ ಬಿಸ್ಕತ್ತಿಗೆ ಹೆಸರು ಬಂದುದು ಸಿಲ್ವೆಸ್ಟರ್ ಗ್ರಹಾಮ್ ಎಂಬ ಪ್ರೆಸ್ಬಿಟೇರಿಯನ್ ಬೋಧಕರಿಂದ. ಜರಡಿ ಹಿಡಿಯದ ಗೋಧಿಹಿಟ್ಟನ್ನೂ ಸಾದಾ ಆಹಾರವನ್ನೂ ಬೋಧಿಸಿದವರ ಹೆಸರು ಇಷ್ಟೊಂದು ಸಿಹಿಯೊಡನೆ ಸೇರಿರುವುದು ವಿನೋದವೇ ಸರಿ.

ಮಾರ್ಷ್‌ಮ್ಯಾಲೋ ಎಂಬುದು ಮೊದಲು ಜೌಗುನೆಲದ ಒಂದು ಗಿಡದ ಹೆಸರು. ಪೂರ್ವದಲ್ಲಿ ಅದರ ಬೇರಿನ ಲೋಳೆಯಿಂದ ಮಿಠಾಯಿಯನ್ನು ಮಾಡುತ್ತಿದ್ದರು. ಈಗಿನದು ಸಕ್ಕರೆಪಾಕಕ್ಕೆ ಜೆಲಟಿನ್ ಬೆರೆಸಿ, ಗಾಳಿ ತುಂಬುವಂತೆ ಕಡೆದದ್ದು. ಜೆಲಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ಬರುವುದಾದುದರಿಂದ ಮಾಂಸ ವರ್ಜಿಸುವ ಕುಟುಂಬದವರು ಕೊಳ್ಳುವ ಮೊದಲು ವಿಚಾರಿಸತಕ್ಕದ್ದು.

ಮಾಡುವ ಕ್ರಮ ಸುಲಭ. ತಾಳ್ಮೆ ಮಾತ್ರ ಬೇಕು. ಉರಿಯು ಇಳಿದು ಕೆಂಡವಾಗುವ ತನಕ ಕಾಯಬೇಕು. ಜ್ವಾಲೆಗೆ ಹಿಡಿದರೆ ಹೊರಗಿನ ಸಕ್ಕರೆ ಹೊತ್ತಿ ಕರಿಯಾಗುವುದು, ಒಳಗು ತಣ್ಣಗೇ ಉಳಿಯುವುದು. ಉದ್ದನೆಯ ಕಡ್ಡಿಗೆ ಎರಡು ಮಾರ್ಷ್‌ಮ್ಯಾಲೋಗಳನ್ನು ಚುಚ್ಚಿ, ಕೆಂಡದ ಮೇಲೆ ನಿಧಾನವಾಗಿ ತಿರುಗಿಸುತ್ತಿದ್ದರೆ ಒಳಗಿನ ಗಾಳಿ ಹಿಗ್ಗಿ ಅವು ಉಬ್ಬುವುವು, ಮೈ ಹೊಂಬಣ್ಣವಾಗುವುದು. ಕೂಡಲೇ ಚಾಕೊಲೇಟಿನ ತುಂಡುಗಳೊಡನೆ ಎರಡು ಬಿಸ್ಕತ್ತುಗಳ ನಡುವೆ ಒತ್ತಿ ಕಡ್ಡಿಯನ್ನು ಎಳೆಯಬೇಕು. ಚಾಕೊಲೇಟು ನಮ್ಮ ಮೈಶಾಖಕ್ಕಿಂತ ಕೊಂಚ ಕಡಮೆಯಲ್ಲೇ ಕರಗುವುದರಿಂದ ಆ ಬಿಸಿಯೇ ಅದಕ್ಕೆ ಸಾಕು.

ತಾಯಂದಿರಿಗೆ ಒಂದು ಮಾತು. ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿಕೊಂಡು ಬಿಸಿನೀರಿಗಿಂತಲೂ ಕೆಟ್ಟದಾಗಿ ಸುಡುವುದು. ಕಡ್ಡಿಯ ತುದಿ ಹೊತ್ತಿಕೊಂಡರೆ ಮಕ್ಕಳು ಹೆದರಿ ಬೀಸುವರು. ಆಗ ಉರಿಯುವ ಮುದ್ದೆ ನೆರೆಯವಳ ಮೇಲೆ ಹಾರಬಹುದು. ಬೀಸದೆ ಊದಿ ಆರಿಸಲು ಮೊದಲೇ ಕಲಿಸಿರಿ; ಒಂದು ಬಕೆಟ್ ನೀರು ಬಳಿಯಲ್ಲಿರಲಿ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರಿನ ಧಾರೆಯನ್ನು ಬಿಡಿರಿ.

ಹೆಸರು ‘ಇನ್ನಷ್ಟು’ ಎಂದು ಬೇಡಿದರೂ ಒಂದೇ ಸಾಕೆಂದು ಆ 1927ರ ಪುಸ್ತಕವೇ ಎಚ್ಚರಿಸುವುದು. ಮೊದಲು ಸಿದ್ಧವಾದುದನ್ನು ಗುಂಪಿನ ಕಿರಿಯಳಿಗೆ ಕೊಟ್ಟು, ತನ್ನದಕ್ಕಾಗಿ ಕೆಂಡದ ಬಳಿ ಕಾದಿರುವವಳಿಗೆ ಆ ಒಂದು ನಿಜವಾಗಿಯೂ ಸಾಕಾಗುವುದೆಂದು ನಾವು ನಂಬುವೆವು.