ರಷ್ಯಾದಲ್ಲಿ ವಿಳಾಸದ ಬೆಲೆ

ರಷ್ಯಾದವರಿಗೆ ಪಾಸ್‌ಪೋರ್ಟ್ ಎರಡು. ಒಂದು ಪರದೇಶಕ್ಕೆ ಹೋಗಲು. ಆಡುಮಾತಿನಲ್ಲಿ ಅದನ್ನು ‘ಝಾಗ್ರಾನ್’ ಎನ್ನುತ್ತಾರೆ. 5 ವರ್ಷದ್ದೂ ಇದೆ, ಚಿಪ್ ಇರುವ 10 ವರ್ಷದ್ದೂ ಇದೆ. ಇನ್ನೊಂದು ದೇಶದೊಳಗೆ ಬಳಸುವಂಥದು. 14 ತುಂಬಿದವರೆಲ್ಲ ಅದನ್ನು ಪಡೆಯಲೇಬೇಕು. 20ಕ್ಕೆ ಒಮ್ಮೆ, 45ಕ್ಕೆ ಒಮ್ಮೆ ಬದಲಿಸಬೇಕು. ನಮ್ಮಲ್ಲಿ ಆಧಾರ್, ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿ ಹಂಚಿಕೊಂಡು ಮಾಡುವ ಕೆಲಸವನ್ನು ಅಲ್ಲಿ ಬಹುಪಾಲು ಆ ಒಂದು ಪುಸ್ತಕವೇ ಮಾಡುತ್ತದೆ. ಅದರ 5ನೇ ಪುಟದಿಂದ ವಿಳಾಸದ ಮೊಹರುಗಳು ಶುರುವಾಗುತ್ತವೆ. ಅಧಿಕಾರಿಗಳು ಫೋಟೊ ನೋಡಿದ ಮೇಲೆ ತಿರುವುವುದು ಆ ಪುಟವನ್ನೇ.

ಈ ಮೊಹರಿನ ಹಿಂದೆ ಕಹಿ ಚರಿತ್ರೆ ಇದೆ. 1932ರ ಡಿಸೆಂಬರ್ 27ರಂದು ಸೋವಿಯತ್ ಸರ್ಕಾರ ಒಳನಾಡಿನ ಪಾಸ್‌ಪೋರ್ಟನ್ನೂ, ಅದರ ಜೊತೆಗೆ ‘ಪ್ರೊಪಿಸ್ಕಾ’ ಎಂಬ ವಿಳಾಸದ ಪರವಾನಗಿಯನ್ನೂ ಜಾರಿಗೆ ತಂದಿತು. ಹಳ್ಳಿಗಳಲ್ಲಿ ಬರ ಬಿದ್ದು ರೈತರು ಪಟ್ಟಣದ ಕಡೆ ಗುಳೆ ಹೊರಟಿದ್ದ ಕಾಲ ಅದು. ಪಾಸ್‌ಪೋರ್ಟ್ ಸಿಕ್ಕಿದ್ದು ಪಟ್ಟಣದವರಿಗೆ. ಸಾಮೂಹಿಕ ಬೇಸಾಯದ ಹೊಲಗಳಲ್ಲಿ ದುಡಿಯುತ್ತಿದ್ದ ರೈತರಲ್ಲಿ ಬಹುತೇಕರಿಗೆ ಅದನ್ನು ಕೊಡಲೇ ಇಲ್ಲ. ಕಾಗದ ಇಲ್ಲದವನು ಊರು ಬಿಟ್ಟು ಎಲ್ಲಿ ನೆಲೆ ನಿಂತಾನು? ಎಲ್ಲರಿಗೂ ಪಾಸ್‌ಪೋರ್ಟ್ ಕೊಡುವ ತೀರ್ಮಾನ ಬಂದದ್ದು 1974ರಲ್ಲಿ. ದೇಶಕ್ಕೆ ಅನ್ನ ಹಾಕಿದವರ ಎರಡು ತಲೆಮಾರು ತಮ್ಮ ದೇಶದಲ್ಲೇ ಕಟ್ಟಿಹಾಕಿದಂತೆ ಬದುಕಿತು. ಇದನ್ನು ಓದುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1993ರಲ್ಲಿ ಹೊಸ ಕಾನೂನು ಬಂತು. ಪರವಾನಗಿ ಹೋಗಿ ನೋಂದಣಿ ಬಂತು. ಎಲ್ಲಿ ವಾಸವಿದ್ದೇನೆಂದು ಪ್ರಜೆ ಸರ್ಕಾರಕ್ಕೆ ತಿಳಿಸಿದರೆ ಸಾಕು, ಅಪ್ಪಣೆ ಕೇಳಬೇಕಿಲ್ಲ ಎಂಬುದು ಅದರ ತಿರುಳು. ಸಂವಿಧಾನ ನ್ಯಾಯಾಲಯವೂ 1996 ಮತ್ತು 1998ರ ತೀರ್ಪುಗಳಲ್ಲಿ ಇದನ್ನೇ ಎತ್ತಿಹಿಡಿಯಿತು. ಆದರೂ ಜನರ ಬಾಯಲ್ಲಿ ಇವತ್ತಿಗೂ ಪ್ರೊಪಿಸ್ಕಾ ಎಂಬ ಹೆಸರೇ ನಿಂತಿದೆ.

ನೋಂದಣಿಯಲ್ಲಿ ಎರಡು ಬಗೆ. ಖಾಯಂ ವಾಸದ ನೋಂದಣಿಗೆ ಪಾಸ್‌ಪೋರ್ಟಿನಲ್ಲಿ ಮೊಹರು ಬೀಳುತ್ತದೆ; ಹೊಸ ಮನೆಗೆ ಹೋದ 7 ದಿನಗಳೊಳಗೆ ಇದನ್ನು ಮಾಡಿಸಬೇಕು. ಬೇರೆ ಊರಿನಲ್ಲಿ 90 ದಿನ ಮೀರಿ ತಂಗುವವರು ತಾತ್ಕಾಲಿಕ ನೋಂದಣಿ ಮಾಡಿಸಬೇಕು; ಅದಕ್ಕೆ ಮೊಹರಿಲ್ಲ, ಪ್ರತ್ಯೇಕ ಪ್ರಮಾಣಪತ್ರ ಕೊಡುತ್ತಾರೆ. ಬಾಡಿಗೆ ಮನೆಯವರ ತಾಪತ್ರಯ ಇಲ್ಲೇ. ಮಾಲೀಕ ಒಪ್ಪದೆ ಕೆಲಸ ಆಗದು. ಬಾಡಿಗೆಯ ಲೆಕ್ಕ ತೆರಿಗೆಯವರ ಕಣ್ಣಿಗೆ ಬೀಳುತ್ತದೆಂದು ಹಿಂಜರಿಯುವ ಮಾಲೀಕರಿದ್ದಾರೆ. ಈ ಸಂದಿಯಲ್ಲೇ ‘ರಬ್ಬರ್ ಫ್ಲ್ಯಾಟ್’ ದಂಧೆ ಬೆಳೆಯಿತು. ಒಂದೇ ಫ್ಲ್ಯಾಟಿನ ವಿಳಾಸಕ್ಕೆ ನೂರಾರು ಜನರ ಹೆಸರು, ಒಬ್ಬರೂ ಅಲ್ಲಿ ವಾಸವಿಲ್ಲ. 2013ರ ಕೊನೆಯಲ್ಲಿ ಇಂಥ ಸುಳ್ಳು ನೋಂದಣಿಯನ್ನು ಕ್ರಿಮಿನಲ್ ಅಪರಾಧವಾಗಿಸಿದರು.

ವಿದೇಶಿಯರಿಗೆ ಇರುವುದು ಬೇರೆಯೇ ವ್ಯವಸ್ಥೆ: ವಲಸೆ ನೋಂದಣಿ. 2006ರ ಕಾನೂನಿನ ಪ್ರಕಾರ ಊರು ತಲುಪಿದ 7 ಕೆಲಸದ ದಿನಗಳೊಳಗೆ ಹೆಸರು ದಾಖಲಾಗಬೇಕು. ಕೆಲವು ನೆರೆದೇಶದವರಿಗೆ ಒಪ್ಪಂದದ ಮೇಲೆ ಹೆಚ್ಚು ಸಮಯವಿದೆ. ಮುಖ್ಯ ಸಂಗತಿಯೆಂದರೆ, ಸಾಮಾನ್ಯವಾಗಿ ಅರ್ಜಿ ಸಲ್ಲಿಸಬೇಕಾದವರು ಬಂದವರಲ್ಲ, ಇರಲು ಜಾಗ ಕೊಟ್ಟವರು: ಹೋಟೆಲ್, ಹಾಸ್ಟೆಲ್, ಮನೆ ಮಾಲೀಕ. ಸಿಕ್ಕಿಬಿದ್ದಾಗ ದಂಡ, ಗಡೀಪಾರು ಮಾತ್ರ ಬಂದವನ ತಲೆಗೂ ಬರುತ್ತದೆ. ಇನ್ನೊಬ್ಬರ ಉದಾಸೀನಕ್ಕೆ ವಲಸಿಗನ ಬದುಕು ಒತ್ತೆಯಾಗುವುದು ನ್ಯಾಯವಲ್ಲ.

ಕರ್ನಾಟಕದಿಂದ ವೈದ್ಯಕೀಯ ಓದಲು ಹೋಗುವ ಮಕ್ಕಳಿಗೆ ಈ ಕೆಲಸ ಮಾಡಿಕೊಡುವುದು ವಿಶ್ವವಿದ್ಯಾಲಯವೇ. ಹಾಗೆಂದು ನಿಶ್ಚಿಂತರಾಗಿ ಕೂರಬಾರದು. ಗಡಿಯಲ್ಲಿ ಕೊಟ್ಟ ವಲಸೆ ಕಾರ್ಡನ್ನು ಜೋಪಾನ ಮಾಡಬೇಕು, ನೋಂದಣಿಯ ಚೀಟಿ ಕೈಗೆ ಬಂತೇ ಎಂದು ಕೇಳಬೇಕು, ಎರಡರ ಫೋಟೊವನ್ನು ಫೋನಿನಲ್ಲಿ ಇಟ್ಟುಕೊಳ್ಳಬೇಕು. ರಜೆಗೆ ಬೇರೆ ಊರಿಗೆ ಹೋಗಿ ಹೋಟೆಲ್‌ನಲ್ಲಿ ತಂಗಿದರೆ ಹೋಟೆಲಿನವರು ಅಲ್ಲಿನ ವಿಳಾಸ ದಾಖಲಿಸುತ್ತಾರೆ. ಹಾಗಾಗಿ ಮರಳಿದ ಕೂಡಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ತಿಳಿಸಬೇಕು. ಎಷ್ಟೋ ಮಕ್ಕಳು ಎಡವುವುದು ಇಲ್ಲೇ. ಊರಿಗೆ ಬಂದು ಹೋದ ಮೇಲೂ ಹೊಸದಾಗಿ ನೋಂದಣಿ ಆಗಬೇಕು. ಮೊದಲ ವೀಸಾ ಸಾಮಾನ್ಯವಾಗಿ ಮೂರು ತಿಂಗಳದ್ದು. ಅದನ್ನು ಅಲ್ಲೇ ವಿಸ್ತರಿಸುತ್ತಾರೆ. 90 ದಿನಕ್ಕಿಂತ ಹೆಚ್ಚು ಇರುವವರು ಬೆರಳಚ್ಚು, ವೈದ್ಯಕೀಯ ತಪಾಸಣೆ ಮುಗಿಸಿರಬೇಕು.

ದುಡಿಯಲು ಹೋಗುವವರ ದಾರಿ ಇದಲ್ಲ. ಉಜ್ಬೇಕಿಸ್ತಾನ, ತಜಿಕಿಸ್ತಾನದವರಿಗೆ ವೀಸಾ ಬೇಡ. ಅವರು ‘ಪೇಟೆಂಟ್’ ಎಂಬ ಪರವಾನಗಿ ಪಡೆದು ತಿಂಗಳು ತಿಂಗಳು ಮುಂಗಡ ತೆರಿಗೆ ಕಟ್ಟುತ್ತಾರೆ. ಭಾರತೀಯರಿಗೆ ಕೆಲಸದ ವೀಸಾ, ಕೆಲಸದ ಪರವಾನಗಿ ಎರಡೂ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ದುಡಿಯಬಹುದೆಂದು ಯಾವ ಏಜೆಂಟ್ ಹೇಳಿದರೂ ಅದು ಸುಳ್ಳು.

ಪೌರತ್ವ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಸಾಮಾನ್ಯ ದಾರಿಯಲ್ಲಿ ಮೊದಲು 3 ವರ್ಷದ ತಾತ್ಕಾಲಿಕ ವಾಸದ ಅನುಮತಿ; ಅದಕ್ಕೆ ಪ್ರಾಂತ್ಯವಾರು ಕೋಟಾ ಇದೆ. ಅದರಲ್ಲಿ ಒಂದು ವರ್ಷವಾದರೂ ಕಳೆದ ಮೇಲೆ ಖಾಯಂ ವಾಸದ ಅನುಮತಿ. ಅಲ್ಲಿಂದ 5 ವರ್ಷ ನೆಲೆ ನಿಂತು, ರಷ್ಯನ್ ಭಾಷೆ, ಇತಿಹಾಸ, ಕಾನೂನಿನ ಪರೀಕ್ಷೆ ಗೆದ್ದು, ಪ್ರಮಾಣವಚನ ತೆಗೆದುಕೊಂಡರೆ ಪೌರತ್ವ. ಪ್ರಜೆಗಳ ಸಂಗಾತಿಗಳಿಗೆ, ಇನ್ನು ಕೆಲವರಿಗೆ ರಿಯಾಯಿತಿಗಳಿವೆ. ರಷ್ಯಾದ ನೆಲದಲ್ಲಿ ಹುಟ್ಟಿತೆಂಬ ಮಾತ್ರಕ್ಕೆ ವಲಸಿಗರ ಮಗು ಪ್ರಜೆಯಾಗದು. 2023ರ ಅಕ್ಟೋಬರ್ 26ರಂದು ಜಾರಿಗೆ ಬಂದ ಹೊಸ ಪೌರತ್ವ ಕಾನೂನು, ಹೀಗೆ ಪಡೆದ ಪೌರತ್ವವನ್ನು ಹಲವು ಅಪರಾಧಗಳಿಗಾಗಿ ಕಿತ್ತುಕೊಳ್ಳಲೂ ಅವಕಾಶ ಕೊಡುತ್ತದೆ. ಹುಟ್ಟಿನಿಂದ ಬಂದ ಪೌರತ್ವಕ್ಕೆ ಆ ಭಯವಿಲ್ಲ.

ಇನ್ನೊಂದು ಅಡ್ಡದಾರಿ ಇದೆ: ಸೇನೆಯ ಗುತ್ತಿಗೆಗೆ ಸಹಿ ಹಾಕಿದ ವಿದೇಶಿಯರಿಗೆ ಪೌರತ್ವ ಬೇಗ ಸಿಗುತ್ತದೆ. ಕಲಬುರಗಿ ಕಡೆಯ ಕೆಲವು ಯುವಕರು ಭದ್ರತಾ ಕೆಲಸವೆಂದು ನಂಬಿ ಹೋಗಿ, ಯುದ್ಧದ ನೆಲದಲ್ಲಿ ಸಿಕ್ಕಿಕೊಂಡು, 2024ರಲ್ಲಿ ಮನೆಗೆ ಮರಳಿದ್ದನ್ನು ನಾವು ಮರೆಯುವಂತಿಲ್ಲ. ಬೇಗ ಸಿಗುವ ಆ ಪಾಸ್‌ಪೋರ್ಟಿಗೆ ತೆರುವ ಬೆಲೆ ಇನ್ನೂ ಒಂದಿದೆ. ರಷ್ಯಾ ಹಳೆಯ ಪೌರತ್ವ ಬಿಡಿ ಎನ್ನುವುದಿಲ್ಲ, ಆದರೆ ಭಾರತ ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲ. ಸ್ವಂತ ಇಚ್ಛೆಯಿಂದ ಬೇರೆ ದೇಶದ ಪ್ರಜೆಯಾದವರ ಭಾರತೀಯ ಪೌರತ್ವ 1955ರ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ರಷ್ಯನ್ ಭಾಷೆಯಲ್ಲಿರುವ ಯಾವ ಕಾಗದವನ್ನೇ ಮುಂದೆ ಚಾಚಿದರೂ, ಸಹಿಗೆ ಮೊದಲು ಮಾಸ್ಕೋದ ಭಾರತೀಯ ರಾಯಭಾರ ಕಚೇರಿಗೋ, ಸೇಂಟ್ ಪೀಟರ್ಸ್‌ಬರ್ಗ್ ಅಥವಾ ವ್ಲಾಡಿವೋಸ್ಟಾಕ್‌ನ ಕಾನ್ಸುಲೇಟಿಗೋ ಅದರ ಪ್ರತಿ ಕಳಿಸಿ, ಏನು ಬರೆದಿದೆ ಎಂದು ವಿಚಾರಿಸಿ.