ವಿಟಮಿನ್ ಡಿ ಮಾತ್ರೆ: ವಾರಕ್ಕೊಂದು ಅಂದ್ರೆ ವಾರಕ್ಕೊಂದೇ, ದಿನಾ ನುಂಗೋದಲ್ಲ!

‘ಸ್ಟ್ರಿಪ್‌ನಲ್ಲಿ ನಾಲ್ಕೇ ಮಾತ್ರೆ ಇದೆ, ಅಂದ್ರೆ ನಾಲ್ಕು ದಿನದ ಕೋರ್ಸು’ ಅಂತ ಅಂದುಕೊಂಡು ವಿಟಮಿನ್ ಡಿ ಮಾತ್ರೆಯನ್ನು ದಿನಕ್ಕೊಂದರಂತೆ ನುಂಗುವವರಿದ್ದಾರೆ. ಆದರೆ ಅದು ಒಂದು ತಿಂಗಳಿಗೆ ಕೊಟ್ಟಿರುವ ಮಾತ್ರೆ.

ಲೆಕ್ಕ ಹೀಗಿದೆ ನೋಡಿ. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 600 ಯೂನಿಟ್. ಮೆಡಿಕಲ್ ಶಾಪ್‌ನಲ್ಲಿ ಸಿಗುವ ದೊಡ್ಡ ಮಾತ್ರೆ ಅಥವಾ ಪುಡಿ ಪ್ಯಾಕೆಟ್‌ನಲ್ಲಿ ಇರುವುದು 60,000 ಯೂನಿಟ್. ಅಂದರೆ ಒಂದರಲ್ಲೇ ನೂರು ದಿನದ ಪ್ರಮಾಣ! ಕೊರತೆ ಇರುವವರ ದೇಹದಲ್ಲಿ ದಾಸ್ತಾನು ಖಾಲಿಯಾಗಿರುತ್ತದೆ. ಅದನ್ನು ತುಂಬಿಸಲು ಡಾಕ್ಟರು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತಾರೆ. ಆಮೇಲೆ ಹಲವರಿಗೆ ತಿಂಗಳಿಗೊಂದು, ಇಲ್ಲವೇ ದಿನಾ ಸಣ್ಣ ಡೋಸ್ ಮುಂದುವರಿಯುತ್ತದೆ.

ಬೆಳಗ್ಗೆ ಶಟರ್ ಎತ್ತಿ ರಾತ್ರಿ ಇಳಿಸುವ ಅಂಗಡಿಯವರಿಗೆ ಈ ಕೊರತೆ ಬರೋದು ಆಶ್ಚರ್ಯವೇನಲ್ಲ. ಗಾಜಿನ ಬಾಗಿಲ ಒಳಗೆ ಬೀಳುವ ಬಿಸಿಲಿನಿಂದ ಪ್ರಯೋಜನ ಇಲ್ಲ, ಚರ್ಮದಲ್ಲಿ ವಿಟಮಿನ್ ಡಿ ತಯಾರಿಸುವ ಕಿರಣವನ್ನು ಗಾಜು ತಡೆಯುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲೇ ಬೇಕು. ಆದರೆ ಅಂಗಡಿಯವರಿಗೆ ಅದೇ ವ್ಯಾಪಾರದ ಹೊತ್ತು! ಊಟದಿಂದಲೂ ಪೂರ್ತಿ ಸಿಗಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ವಿಟಮಿನ್ ಡಿ ಇಲ್ಲ. ಬಂಗುಡೆ, ಬೂತಾಯಿ, ಮೊಟ್ಟೆಯ ಹಳದಿ ಭಾಗದಲ್ಲಿ ಒಂದಿಷ್ಟು ಸಿಗುತ್ತದೆ.

ಹಾಗಂತ ಸೊಂಟ ನೋವು, ಸುಸ್ತು ಅಂತ ಸೀದಾ ಹೋಗಿ ಮಾತ್ರೆ ಕೇಳೋದಲ್ಲ. ಥೈರಾಯ್ಡ್, ರಕ್ತಹೀನತೆಯಲ್ಲೂ ಸುಸ್ತು ಇರುತ್ತೆ. ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ರಕ್ತ ಪರೀಕ್ಷೆ ಮಾಡಿಸಿ. ರಿಪೋರ್ಟ್‌ನಲ್ಲಿ 20ಕ್ಕಿಂತ ಕಡಿಮೆ (ಮಿಲಿಲೀಟರ್‌ಗೆ ನ್ಯಾನೋಗ್ರಾಂ ಲೆಕ್ಕದಲ್ಲಿ) ಬಂದರೆ ಸಾಮಾನ್ಯವಾಗಿ ಕೊರತೆ ಅಂತಾರೆ.

ಈ ವಿಟಮಿನ್ ಕೊಬ್ಬಿನಲ್ಲಿ ಕರಗುವಂಥದ್ದು. ಹಾಗಾಗಿ ಖಾಲಿ ಹೊಟ್ಟೆಗಿಂತ ಊಟ ಆದ ಮೇಲೆ, ಹಾಲಿನ ಜೊತೆ ತಗೊಂಡರೆ ಚೆನ್ನಾಗಿ ಹಿಡಿಯುತ್ತದೆ. ಅದೇ ಗುಣದಿಂದ ಅತಿಯಾದದ್ದು ಮೂತ್ರದಲ್ಲಿ ಸುಲಭವಾಗಿ ಹೋಗಲ್ಲ, ಒಳಗೇ ಕೂರುತ್ತದೆ. ವಾರಗಟ್ಟಲೆ ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಶುರುವಾಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಕಿಡ್ನಿ ತೊಂದರೆ, ಕಲ್ಲಿನ ಸಮಸ್ಯೆ ಇರುವವರು, ಗರ್ಭಿಣಿಯರು ಡಾಕ್ಟರಿಗೆ ಮೊದಲೇ ಹೇಳಬೇಕು. ದೊಡ್ಡವರ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬಾರದು.

ಇನ್ನೊಂದು ತಪ್ಪೂ ಇದೆ. ನೋವು ಸ್ವಲ್ಪ ಇಳೀತು ಅಂತ ಮೂರನೇ ವಾರಕ್ಕೇ ಬಿಟ್ಟುಬಿಡೋದು. ಬಿಸಿಲು, ಊಟ ಎಲ್ಲ ಮೊದಲಿನ ಹಾಗೇ ಇದ್ದರೆ ಮಟ್ಟ ಮತ್ತೆ ಕುಸಿಯುತ್ತದೆ, ಅಷ್ಟು ದಿನ ಹಾಕಿದ ದುಡ್ಡೂ ವ್ಯರ್ಥ.

ವಾರಕ್ಕೊಮ್ಮೆ ನೆನಪಿಡೋದು ಕಷ್ಟ ಅನ್ನುವವರು ಸಂತೆ ದಿನವನ್ನೇ ಗುರುತು ಮಾಡಿಕೊಳ್ಳಬಹುದು, ಕ್ಯಾಲೆಂಡರ್‌ನಲ್ಲಿ ಟಿಕ್ ಹಾಕಬಹುದು. ಒಂದು ವಾರ ಮರೆತರೆ ನೆನಪಾದ ದಿನ ಒಂದೇ ಮಾತ್ರೆ ತಗೊಳ್ಳಿ, ಬಾಕಿ ತೀರಿಸಲು ಎರಡು ನುಂಗಬೇಡಿ.